ಫೆಲ್ಟ್ ಜೀರ್ಜಿಂಬೆಗೆ ಹೊಳಪು ಬಂದದ್ದು ಹೀಗೆ

ಮಂಡ್ಯದಲ್ಲಿ ರವಿಕೆಗೆ ಆರಿ ಕೆಲಸ ಮಾಡಿಕೊಂಡಿರುವ ನಾನು ಕಸೂತಿ ರಿಂಗಿನಲ್ಲಿ ಹುಳ ಕೂರಿಸಲು ಹೊರಟಾಗ ನಕ್ಕವರೇ ಹೆಚ್ಚು. "ಅತ್ತಿಗೆ, ಹುಳ ಕಂಡರೆ ಪೊರಕೆ ಹುಡುಕುವ ಜನ ದುಡ್ಡು ಕೊಟ್ಟು ಗೋಡೆಗೆ ತೂಗುಹಾಕುತ್ತಾರೆಯೇ?" ಎಂದಳು ನಾದಿನಿ. ಕಸುಬಿನ ಗೆಳತಿಯರ ಅನುಮಾನ ಬೇರೆ: ನೇಯದೆ ಒತ್ತಿ ಮಾಡಿದ ಬಟ್ಟೆಯಾದ ಫೆಲ್ಟ್‌ನಲ್ಲಿ ಆನೆ, ಗೂಬೆ, ಹೂವು ಬರುತ್ತವೆ, ಮಿರಮಿರ ಮಿನುಗುವ ದುಂಬಿ ಜೀರ್ಜಿಂಬೆಯ ಹೊಳಪು ಮಾತ್ರ ಬರುವುದಿಲ್ಲ. ಕಳೆದ ದಸರಾದಿಂದ ಈಚೆಗೆ ಹನ್ನೆರಡು ಹದಿಮೂರು ಮಾರಾಟವಾಗಿವೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ರಿಂಗ್ 6 ಇಂಚಿನದು, ಮರದ್ದು. ಒಳರಿಂಗಿಗೆ ಬಟ್ಟೆಪಟ್ಟಿ ಸುತ್ತಿ, ಕೆಳಗೆ ಮಾಂಜರಪಾಟು, ಮೇಲೆ ತಿಳಿಬಣ್ಣದ ಕಾಟನ್ ಹಾಕಿ ಬಿಗಿದರೆ ಹುಳದ ಭಾರಕ್ಕೆ ಬಟ್ಟೆ ಜೋಲುವುದಿಲ್ಲ.

ಬೆನ್ನಿನ ಉಬ್ಬೇ ನನ್ನನ್ನು ಹೆಚ್ಚು ಸತಾಯಿಸಿದ್ದು. ಹತ್ತಿ ತುಂಬಿದರೆ ಬೆನ್ನು ಇಡ್ಲಿಯ ಹಾಗೆ ಊದಿಕೊಂಡಿತು, ಒಂದು ವಾರಕ್ಕೆ ಒಂದು ಕಡೆ ತಗ್ಗೂ ಬಿತ್ತು. ದಪ್ಪ ಫೆಲ್ಟ್ ಒಂದನ್ನೇ ಹಾಕಿದರೆ ಅಂಚು ಮೆಟ್ಟಿಲಿನಂತೆ ನಿಂತಿತು. ಕೊನೆಗೆ ಕೈಹಿಡಿದದ್ದು ತೆಳು ಫೆಲ್ಟಿನ ನಾಲ್ಕೈದು ತುಂಡು. ಎಲ್ಲಕ್ಕಿಂತ ಚಿಕ್ಕದನ್ನು ಮೊದಲು ಬಟ್ಟೆಗೆ ಹೊಲಿದು, ಅದರ ಮೇಲೆ ಸ್ವಲ್ಪ ದೊಡ್ಡದು, ಅದನ್ನು ಮುಚ್ಚುವಂತೆ ಇನ್ನೂ ದೊಡ್ಡದು. ದೊಡ್ಡದು ಕೆಳಗಿರಬೇಕೆಂದು ಎಲ್ಲರಿಗೂ ತೋರುತ್ತದೆ. ತಲೆಕೆಳಗು ಮಾಡಿದರೇ ಉಬ್ಬು ನುಣುಪಾಗುವುದು. ಕತ್ತಿನ ಹಿಂದಿನ ಕವಚದಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ. ಅಲ್ಲಿ ಫ್ರೆಂಚ್ ನಾಟ್ ಎಂಬ ಗಂಟಿನ ಹೊಲಿಗೆ ಹಾಕಿದರೆ ಗುಳಿಯ ಬದಲು ಗುಳ್ಳೆ ಏಳುತ್ತದೆ. ಚುಕ್ಕಿ ಹೊಲಿಗೆ ಹಾಕಿ ದಾರವನ್ನು ಹಿಂದಕ್ಕೆ ಎಳೆಯಬೇಕು.

ಇನ್ನು ಹೊಳಪು. ಜರಿದಾರದಲ್ಲಿ ತುಂಬಿದೆ, ಸೀರೆಯ ಸೆರಗಿನ ಬುಟ್ಟಾ ಆಯಿತೇ ಹೊರತು ದುಂಬಿಯಾಗಲಿಲ್ಲ. ಹಸಿರು ಸ್ಯಾಟಿನ್ ಹೊಳೆಯಿತು, ಆದರೆ ಯಾವ ಕಡೆಯಿಂದ ನೋಡಿದರೂ ಒಂದೇ ಹಸಿರು. ಇದಕ್ಕೇ 700-800 ರೂಪಾಯಿ ಕೈಬಿಟ್ಟಿತು. ಜೀರ್ಜಿಂಬೆಯ ಬಣ್ಣ ಬಳಿದ ಬಣ್ಣವಲ್ಲ, ಚಿಪ್ಪಿನ ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಹುಟ್ಟುವುದು. ಬೆಂಕಿಪೊಟ್ಟಣದಲ್ಲಿ ಜಾಲಿಸೊಪ್ಪು ಹಾಕಿ ಸಾಕಿದವರಿಗೆಲ್ಲ ಗೊತ್ತು, ಹುಳವನ್ನು ಓರೆ ಮಾಡಿದರೆ ಬಣ್ಣ ಬದಲಾಗುತ್ತದೆ. ಹಾಗೆ ಬದಲಾಗುವ ಬಟ್ಟೆ ನನ್ನ ಕಾಲಡಿಯ ಚೂರುಗಳಲ್ಲೇ ಬಿದ್ದಿತ್ತು: ಹಾಸು ಹಸಿರು, ಹೊಕ್ಕು ನೇರಳೆ ಇರುವ ಡಬಲ್ ಶೇಡ್ ರೇಷ್ಮೆ, ರವಿಕೆ ಕತ್ತರಿಸಿ ಉಳಿದದ್ದು. ಅದನ್ನು ಫೆಲ್ಟಿನ ಮೇಲೆ ಹೊದಿಸಿದೆ. ಎರಡು ರೆಕ್ಕೆಚಿಪ್ಪುಗಳಿಗೂ ಓರೆಯಾಗಿ, ಒಂದಕ್ಕೊಂದು ಎದುರುಬದುರಾಗಿ ಕತ್ತರಿಸಬೇಕು. ಓರೆ ಬಟ್ಟೆ ಉಬ್ಬಿನ ಮೇಲೆ ಸುಕ್ಕಿಲ್ಲದೆ ಕೂರುತ್ತದೆ, ನಡೆದು ಹೋಗುವಾಗ ಒಂದು ಚಿಪ್ಪು ಹಸಿರು, ಇನ್ನೊಂದು ನೇರಳೆ ಕಾಣುತ್ತದೆ. ಎಷ್ಟು ಓರೆ ಎಂಬುದು ನನ್ನಲ್ಲೇ ಇರಲಿ. ಅಂಟು ಮಾತ್ರ ಮುಟ್ಟಬೇಡಿ, ರೇಷ್ಮೆಯ ಮೇಲೆ ಕಲೆ ಎದ್ದು ಬರುತ್ತದೆ.

ಕಾಲುಗಳಿಗೆ ಹೂಮಾಲೆಯವರ ಕಬ್ಬಿಣದ ತಂತಿ ಹಾಕಿದ್ದು ಮಳೆಗಾಲದಲ್ಲಿ ತುಕ್ಕು ಹಿಡಿದು ಬಟ್ಟೆಯನ್ನು ಕೆಡಿಸಿತು. ಆಮೇಲೆ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದೆ. "ಎಷ್ಟು ಎಚ್‌ಪಿ ಮೋಟಾರಮ್ಮ?" ಎಂದು ಕೇಳಿದರು. ಜೀರ್ಜಿಂಬೆಗೆ ಎಂದೆ. ನಗುತ್ತಾ 20 ರೂಪಾಯಿಗೆ ಒಂದು ಹಿಡಿ ತಾಮ್ರದ ತಂತಿಯ ತುಂಡು ಕೊಟ್ಟರು, ವರ್ಷಕ್ಕಾಗುವಷ್ಟು. ಕಪ್ಪು ದಾರ ಸುತ್ತಿ, ದಬ್ಬಣದಿಂದ ತೂತು ಮಾಡಿ ಹಿಂದಕ್ಕೆ ಇಳಿಸಿ, ಮಡಚಿ ಹೊಲಿಯುತ್ತೇನೆ. ಬಹಳ ಜನ ಹಿಂಗಾಲನ್ನು ಬಾಲದ ಹತ್ತಿರ ಇಡುತ್ತಾರೆ. ಮೂರು ಜೋಡಿಯೂ ಎದೆಯಿಂದಲೇ ಹೊರಡಬೇಕು, ಇಲ್ಲದಿದ್ದರೆ ಅದು ಹುಳವಲ್ಲ, ಹಲ್ಲಿ.

ನಡುವೆ ರೇಷ್ಮೆಗೂಡನ್ನು ಅರ್ಧ ಸೀಳಿ ಹೊಟ್ಟೆ ಮಾಡಿಯೂ ನೋಡಿದೆ. ನಮ್ಮೂರ ಕಡೆ ತೂತಾದ ಗೂಡಿಗೇನು ಬರ? ಹಗುರ, ಚೆಂದ, ಆದರೆ ಹೆಬ್ಬೆರಳು ತಾಗಿದರೆ ನೆಗ್ಗುತ್ತದೆ. ಅದನ್ನು ಮರಿಹುಳುಗಳಿಗೆ ಎತ್ತಿಟ್ಟಿದ್ದೇನೆ. ನಿಜವಾದ ರೆಕ್ಕೆಚಿಪ್ಪನ್ನೇ ಹೊಲಿಯಬಾರದೇಕೆ ಎಂದವರೂ ಇದ್ದಾರೆ. ಮೊಗಲರ ಕಾಲದಲ್ಲಿ ಹಾಗೆಯೇ ಹೊಲಿಯುತ್ತಿದ್ದರು, ಆಮೇಲೆ ಬ್ರಿಟಿಷ್ ಹೆಂಗಸರ ಮಸ್ಲಿನ್ ಉಡುಪುಗಳಿಗೂ. ಹುಳ ಸಾಯಿಸಿ ಹುಳ ಮಾಡುವ ಕೆಲಸ ನನಗೆ ಬೇಡ.

ಒಂದಕ್ಕೆ ಸಾಮಾನಿನ ಖರ್ಚು 170ರ ಆಸುಪಾಸು, ಅದರಲ್ಲಿ ರಿಂಗಿನದೇ ಮುಕ್ಕಾಲು ಪಾಲು. ಮೈಸೂರಿನ ಒಂದು ಅಂಗಡಿ ಮಾರಿಕೊಡುತ್ತೇನೆಂದು ನೂರಕ್ಕೆ ನಲವತ್ತು ಹಿಡಿದುಕೊಂಡಿತು, ಅದೂ ಮೂರು ತಿಂಗಳು ತಡವಾಗಿ. ಈಗ ನೇರವಾಗಿ 850ಕ್ಕೆ ಕೊಡುತ್ತೇನೆ. ಗಂಟೆಯ ಲೆಕ್ಕದಲ್ಲಿ ಆರಿ ರವಿಕೆಗಿಂತ ಹೆಚ್ಚೇನೂ ಗಿಟ್ಟುವುದಿಲ್ಲ, ಆದರೆ ಇಲ್ಲಿ ಅಳತೆ ಸರಿಯಿಲ್ಲವೆಂದು ಯಾರೂ ವಾಪಸ್ ತರುವುದಿಲ್ಲ.

ಮೊನ್ನೆ ಮದ್ದೂರಿನ ಕಡೆಯ ತೆಂಗು ಬೆಳೆಗಾರರೊಬ್ಬರು ಕುರುವಾಯಿ ದುಂಬಿ ಮಾಡಿಕೊಡಿ ಎಂದರು, ಸುಳಿ ತಿಂದು ಮರ ಕೆಡಿಸುವ ಅದನ್ನೇ. ಕಪ್ಪು ವೆಲ್ವೆಟ್ ಸಾಕು, ಹೊಳಪಿನ ರಗಳೆಯಿಲ್ಲ. ಅದರ ತಲೆಯ ಮೇಲಿನ ಕೊಂಬಿಗೆ ಬರೀ ತಂತಿ ಹಾಕಿದರೆ ಬಡಕಲಾಗುತ್ತದೆ, ಫೆಲ್ಟನ್ನು ಕೋನಾಕಾರದಲ್ಲಿ ಸುರುಳಿ ಸುತ್ತಿ ನೋಡಬೇಕು. 1,100 ಹೇಳಿದ್ದೇನೆ, 500 ಮುಂಗಡ ಕೊಟ್ಟು ಹೋಗಿದ್ದಾರೆ.