ಟ್ಯಾಂಕ್ ಮುಚ್ಚಳ, ಡಂಪ್ ವಾಲ್ವ್, 25 ಟನ್ ಮಿತಿ: ಕೊಲರಾಡೊದಲ್ಲಿ ನನ್ನ ಅನುಭವ

ಟ್ಯಾಂಕಿನ ಆವಿ ಸುಡುವ ಕಂಬಸ್ಟರನ್ನು ಇನ್ನೂ ದೊಡ್ಡದು ಹಾಕದೆ ನಮ್ಮ ಎಣ್ಣೆ ಬಾವಿ ಸೈಟ್‌ಗಳು ವರ್ಷಕ್ಕೆ 25 ಟನ್ ಮಾಲಿನ್ಯದ ಮಿತಿಯೊಳಗೆ ಉಳಿಯೋದಿಲ್ಲ ಅಂತ ನಮ್ಮ ಕನ್ಸಲ್ಟೆಂಟ್ ಹೇಳಿದ್ದರು. ಮಾರುವವರು ಹೇಳಿಯೇ ಹೇಳುತ್ತಾರೆ, ಬಿಡಿ. ನಮ್ಮ ಆಫೀಸಿನಲ್ಲೂ ಜಾಸ್ತಿ ಜನ ಅದನ್ನೇ ನಂಬಿದ್ದರು. ಹಾಕಲಿಲ್ಲ, ಸೈಟ್‌ಗಳೂ ಉಳಿದವು. ಪರ್ಮಿಟ್ ಕೈಗೆ ಬಂದಿದೆ, ಆವಿ ಸೋರಿಕೆ ಹುಡುಕುವ ಬೇಸಿಗೆಯ ಕ್ಯಾಮೆರಾ ತಪಾಸಣೆಗಳೂ ಮುಗಿದಿವೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೊಲರಾಡೊದ ವೆಲ್ಡ್ ಕೌಂಟಿಯಲ್ಲಿ, ಗ್ರೀಲಿ ಊರಿನ ಸುತ್ತಮುತ್ತ ಬಾವಿಗಳಿರುವ ಒಂದು ಸಣ್ಣ ಎಣ್ಣೆ ಕಂಪನಿಯಲ್ಲಿ ವಾಯು ಮಾಲಿನ್ಯದ ಪರ್ಮಿಟ್ ಕೆಲಸ ನನ್ನದು. ಡೆನ್ವರ್, ಹೂಸ್ಟನ್, ಡಲ್ಲಾಸ್ ಕಡೆ ಇದೇ ಕೆಲಸದಲ್ಲಿ ಕನ್ನಡದವರು ಇದ್ದೀರಿ. ನಿಮಗೆ ಸೆಪರೇಟರ್ ಅಂದ್ರೇನು, ಥೀಫ್ ಹ್ಯಾಚ್ ಅಂದ್ರೇನು ಅಂತ ವಿವರಿಸುವುದು ಬೇಕಿಲ್ಲ. ಉಳಿದವರಿಗೆ ಒಂದೇ ಮಾತು: ಸೆಪರೇಟರ್ ಅಂದರೆ ಬಾವಿಯಿಂದ ಬಂದ ಎಣ್ಣೆ, ಗ್ಯಾಸ್, ನೀರನ್ನು ಬೇರೆ ಮಾಡುವ ಪಾತ್ರೆ, ಡಂಪ್ ವಾಲ್ವ್ ಅಲ್ಲಿಂದ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ವಾಲ್ವ್, ಥೀಫ್ ಹ್ಯಾಚ್ ಟ್ಯಾಂಕಿನ ಮೇಲಿನ ಮುಚ್ಚಳ. ನೇರ ವಿಷಯಕ್ಕೆ ಬರುತ್ತೇನೆ.

ಡೆನ್ವರ್ ಮತ್ತು ಉತ್ತರ ಫ್ರಂಟ್ ರೇಂಜ್‌ನ 9 ಕೌಂಟಿಗಳು ಓಝೋನ್ ಮಿತಿಯೊಳಗೆ ಇಳಿಯದೆ ವರ್ಷಗಳೇ ಆದವು. 2008ರ ಮಿತಿ 75 ಪಿಪಿಬಿ (ಗಾಳಿಯ ನೂರು ಕೋಟಿ ಭಾಗಗಳಲ್ಲಿ 75), 2015ರದ್ದು 70. ಹಳೆಯ 75ಕ್ಕೇ ಇಳಿಯಲಿಲ್ಲ ಅಂತ 2020ರ ಜನವರಿಯಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಪಿಎಯವರು ಈ ಪ್ರದೇಶವನ್ನು 'ಸೀರಿಯಸ್' ದರ್ಜೆಗೆ ಇಳಿಸಿದರು, 2022ರ ನವೆಂಬರ್‌ನಲ್ಲಿ 'ಸಿವಿಯರ್'ಗೆ. ನಮಗೆ ಏಟು ಬಿದ್ದದ್ದು ಇಲ್ಲೇ. ಮಾಲಿನ್ಯದ 'ದೊಡ್ಡ ಮೂಲ' ಅನ್ನಿಸಿಕೊಳ್ಳಲು ಮೊದಲು ವರ್ಷಕ್ಕೆ 100 ಟನ್ ಮಾಲಿನ್ಯ ಬೇಕಿತ್ತು, ಸೀರಿಯಸ್‌ನಲ್ಲಿ 50 ಸಾಕು, ಸಿವಿಯರ್‌ನಲ್ಲಿ 25. ನಮ್ಮ ಹಲವು ಸೈಟ್‌ಗಳು ಕಾಗದದ ಮೇಲೆ 30ರಿಂದ 40 ಟನ್ ವಿಒಸಿ (ಓಝೋನ್ ಹುಟ್ಟಿಸುವ ಸಾವಯವ ಆವಿ) ಲೆಕ್ಕದಲ್ಲಿದ್ದವು. ಒಂದು ಬಾವಿಯನ್ನೂ ಹೊಸದಾಗಿ ಕೊರೆಯದೆ, ಒಂದು ಪೈಪನ್ನೂ ಕದಲಿಸದೆ ನಾವು 'ದೊಡ್ಡ ಮೂಲ' ಆಗಿಬಿಟ್ಟೆವು. ದೊಡ್ಡ ಮೂಲ ಅಂದರೆ ಶುದ್ಧ ಗಾಳಿ ಕಾಯ್ದೆಯ ಟೈಟಲ್ ಫೈವ್ ಪರ್ಮಿಟ್, ಅದರ ವರದಿಗಳು, ಅದರ ಖರ್ಚು. ಅದರ ಮೇಲೆ ಅದೇ ಕಾಯ್ದೆಯ ಸೆಕ್ಷನ್ 185 ಶುಲ್ಕದ ಭಯ. 2027ರ ಗಡುವಿನೊಳಗೆ ಈ ಪ್ರದೇಶದ ಓಝೋನ್ ಮಿತಿಯೊಳಗೆ ಇಳಿಯದಿದ್ದರೆ ದೊಡ್ಡ ಮೂಲಗಳು ತಮ್ಮ ಆಧಾರ ಪ್ರಮಾಣದ ಶೇ. 80 ದಾಟಿದ ಪ್ರತಿ ಟನ್ನಿಗೂ ದುಡ್ಡು ಕಟ್ಟಬೇಕು. 1990ರ ಕಾಯ್ದೆಯಲ್ಲಿ ಟನ್ನಿಗೆ 5,000 ಡಾಲರ್ ಅಂತಿದೆ, ಬೆಲೆ ಏರಿಕೆ ಸೇರಿಸಿದರೆ ಈಗ ಅದರ ಎರಡು ಪಟ್ಟಿಗೂ ಮೇಲೆ.

ನಿಯಮ ಬಿಗಿ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಹಗಲು ಗಾಳಿ ಬಯಲಿನಿಂದ ಬೆಟ್ಟದ ಕಡೆ ಏರುತ್ತದೆ. ನಮ್ಮ ಬಾವಿಗಳ ಆವಿ, ಹೈವೇ ಹೊಗೆ ಎಲ್ಲ ಅದರ ಜೊತೆ ಹೋಗಿ ಬಿಸಿಲಿನಲ್ಲಿ ಬೆಂದು ಬೆಟ್ಟದ ಬುಡದಲ್ಲಿ ಓಝೋನ್ ಆಗಿ ನಿಲ್ಲುತ್ತದೆ. ರಾಕಿ ಫ್ಲಾಟ್ಸ್, ಚಾಟ್‌ಫೀಲ್ಡ್, ಪಶ್ಚಿಮ ಫೋರ್ಟ್ ಕಾಲಿನ್ಸ್, ಈ ಮಾನಿಟರ್‌ಗಳಲ್ಲೇ ಅಂಕಿ ಮೇಲಿರಲು ಇದು ಒಂದು ಮುಖ್ಯ ಕಾರಣ. 2014ರಲ್ಲಿ ಅಮೆರಿಕದ ವಾತಾವರಣ ಸಂಶೋಧನಾ ಕೇಂದ್ರ ಎನ್‌ಕಾರ್‌ನವರು ವಿಮಾನ ಹಾರಿಸಿ ಅಳೆದಾಗಲೂ ವಾಹನಗಳದ್ದು ಮತ್ತು ಎಣ್ಣೆ-ಅನಿಲದ್ದು, ಎರಡೂ ದೊಡ್ಡ ಪಾಲು ಅಂತಲೇ ಬಂತು. ಹೊರಗಿನಿಂದ ತೇಲಿ ಬರುವ ಓಝೋನ್ ಇದೆ, ಕಾಡ್ಗಿಚ್ಚಿನ ಹೊಗೆ ಇದೆ, ನಾವೇನು ಮಾಡೋದು ಅಂತ ನಮ್ಮವರೇ ವಾದ ಮಾಡುತ್ತಾರೆ. ಹೊರಗಿನದನ್ನು ನಾನು ತಡೆಯಲಾರೆ. ನನ್ನ ಡಂಪ್ ವಾಲ್ವ್ ನನ್ನ ಕೈಯಲ್ಲಿದೆ.

ಈಗ ಮುಖ್ಯ ಮಾತು. ಪೇಪರ್ ಮೇಲೆ ನಮ್ಮ ಕಂಬಸ್ಟರ್‌ಗಳು ಶೇ. 95 ಸುಡುತ್ತಿದ್ದವು. ಆದರೆ ಆವಿ ಕಂಬಸ್ಟರ್‌ಗೆ ತಲುಪಿದರೆ ತಾನೇ ಸುಡುವುದು? ಮಧ್ಯಾಹ್ನ ಕ್ಯಾಮೆರಾ ಹಿಡಿದು ನಿಂತರೆ ಮುಚ್ಚಳದ ಅಂಚಿನಿಂದ ಬುಸ್ ಅಂತ ಆವಿ ಏಳುತ್ತಿತ್ತು. ಹತ್ತು ಹದಿನೈದು ಸೆಕೆಂಡ್ ಇದ್ದು ನಿಂತುಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ. ಅದು ಸೆಪರೇಟರ್ ಡಂಪ್ ಆಗುವ ಹೊತ್ತು. ಒತ್ತಡದಲ್ಲಿದ್ದ ಎಣ್ಣೆ ಒಮ್ಮೆಗೇ ಟ್ಯಾಂಕಿಗೆ ಬಿದ್ದರೆ ಗೋಲಿ ಸೋಡಾ ಒಡೆದ ಹಾಗೆ ಗ್ಯಾಸ್ ಉಕ್ಕುತ್ತದೆ, ಆವಿ ಪೈಪ್ ಅಷ್ಟನ್ನು ಆ ಕ್ಷಣಕ್ಕೆ ಎಳೆದುಕೊಳ್ಳಲಾರದು. 2015ರಲ್ಲಿ ನೋಬಲ್ ಎನರ್ಜಿ ಕಂಪನಿ ಇದೇ ಎಣ್ಣೆ ಪ್ರದೇಶದ ಟ್ಯಾಂಕ್ ಆವಿ ವ್ಯವಸ್ಥೆಗಳ ವಿಚಾರದಲ್ಲಿ 49.5 ಲಕ್ಷ ಡಾಲರ್ ದಂಡದ ಒಪ್ಪಂದಕ್ಕೆ ಬಂದದ್ದು ಈ ಲೈನಿನಲ್ಲಿರುವ ಎಲ್ಲರಿಗೂ ಗೊತ್ತು.

ಟ್ಯಾಂಕ್‌ಗಳಿಗೆ ಪ್ರೆಶರ್ ಲಾಗರ್ ಹಾಕಿಸಿದೆ, ಸೆಕೆಂಡಿಗೊಂದು ರೀಡಿಂಗ್ ಬರುವ ಹಾಗೆ. ಇದಕ್ಕೇ ಮೊದಲ ಜಗಳ, ಯಾಕೆಂದರೆ ಎಲ್ಲರೂ ನಿಮಿಷದ ಸರಾಸರಿ ಸಾಕು ಅನ್ನುತ್ತಿದ್ದರು. ಸರಾಸರಿ ಒತ್ತಡ ಚದರ ಇಂಚಿಗೆ ಮೂರು ನಾಲ್ಕು ಔನ್ಸ್ ಇತ್ತು, ನೋಡಲು ಚೆಂದ. ಸೆಕೆಂಡಿನ ಗ್ರಾಫ್‌ನಲ್ಲಿ ಮೊನೆಗಳು 14, 15 ಔನ್ಸ್ ತನಕ ಹೋಗುತ್ತಿದ್ದವು. ಹ್ಯಾಚ್ 16ಕ್ಕೆ ಸೆಟ್ ಆಗಿದ್ದರೂ, ಹಳೆಯದಾದರೆ ಹತ್ತು ಹನ್ನೆರಡಕ್ಕೇ ಸೋರಲು ಶುರು. ಸರಾಸರಿ ನೋಡಿ ಕಂಬಸ್ಟರ್ ಕೊಳ್ಳುವವರು ಸುಮ್ನೆ ದುಡ್ಡು ಸುಡುತ್ತಿದ್ದಾರೆ ಅಂತ ಅವತ್ತೇ ನನಗೆ ಖಾತ್ರಿಯಾಯಿತು.

ಕನ್ಸಲ್ಟೆಂಟ್ ಕೊಟ್ಟ ಅಂದಾಜು ಸೈಟಿಗೆ ಲಕ್ಷ ಡಾಲರ್ ದಾಟಿತ್ತು. ಇನ್ನೆರಡು ಕಂಬಸ್ಟರ್, ದಪ್ಪ ಆವಿ ಪೈಪ್, ಅಡಿಪಾಯ, ಎಂಜಿನಿಯರಿಂಗ್ ಎಲ್ಲ ಸೇರಿ. ಅದರಿಂದ ಇನ್ನೊಂದು ತೊಂದರೆ. ಸಣ್ಣ ಉರಿಗೆ ದೊಡ್ಡ ಕಂಬಸ್ಟರ್ ಕೊಟ್ಟರೆ ಡಂಪ್‌ಗಳ ನಡುವೆ ಗ್ಯಾಸ್ ಸಾಲದೆ ಪೈಲಟ್ ಅನ್ನುವ ಸಣ್ಣ ಜ್ವಾಲೆ ಒಂದೇ ಉರಿಯುತ್ತ ಕೂರುತ್ತದೆ, ಅದಕ್ಕೆ ಬೇರೆ ಗ್ಯಾಸ್, ಅದರಿಂದ ಬೇರೆ ನಾಕ್ಸ್ (ಓಝೋನ್‌ಗೆ ಕಾರಣವಾಗುವ ನೈಟ್ರೋಜನ್ ಆಕ್ಸೈಡ್‌ಗಳು).

ನಾನು ಹೇಳಿದ್ದು ಇಷ್ಟೇ: ಕೊನೆಗೆ ಸೇರುವ ಆವಿ ಅಷ್ಟೇ ಇರಲಿ, ಬರುವ ವೇಗ ಕಡಿಮೆ ಮಾಡೋಣ. ಡಂಪ್ ವಾಲ್ವ್‌ನ ಟ್ರಿಮ್ (ಎಣ್ಣೆ ಹಾಯುವ ರಂಧ್ರವಿರುವ ಒಳಭಾಗ) ಚಿಕ್ಕದು ಮಾಡಿ, ಗುಟುಕು ಗುಟುಕಾಗಿ ಬೀಳಿಸೋಣ. ಟ್ರಿಮ್ ಒಂದಕ್ಕೆ ಮುನ್ನೂರು ಡಾಲರ್ ಆಸುಪಾಸು. ಮೀಟಿಂಗ್‌ನಲ್ಲಿ ಒಬ್ಬ ಹಿರಿಯರು, ಇಷ್ಟು ಅಗ್ಗದ ಕೆಲಸ ಆಗುವಂತಿದ್ದರೆ ಎಲ್ಲರೂ ಮಾಡಿರುತ್ತಿದ್ದರು ಅಂದರು.

ಮೊದಲ ಚಳಿಗಾಲದಲ್ಲಿ ಅವರ ಮಾತೇ ನಿಜ ಅನ್ನಿಸುವಂತಾಯಿತು. ಇಲ್ಲಿನ ಎಣ್ಣೆಯಲ್ಲಿ ಮೇಣ ಜಾಸ್ತಿ. ಸೊನ್ನೆಗಿಂತ ಕೆಳಗೆ ಹೋದಾಗ ಚಿಕ್ಕ ಟ್ರಿಮ್‌ನಲ್ಲಿ ಮೇಣ ಕಟ್ಟಿ, ಸೆಪರೇಟರ್ ತುಂಬಿ, ಹೈ ಲೆವೆಲ್ ಅಲಾರ್ಮ್ ಹೊಡೆದು ಬಾವಿಗಳು ತಾವೇ ನಿಂತವು. ರಾತ್ರಿ ಎರಡು ಗಂಟೆಗೆ ಬಾವಿ ನೋಡಿಕೊಳ್ಳುವ ಪಂಪರ್‌ನ ಫೋನ್. ಹೊಸ ಬಾವಿಗಳಲ್ಲಿ ಬೇರೆ ರಗಳೆ, ಮರಳು ಬಂದು ಟ್ರಿಮ್ ಕೊರೆದು, ಕೆಲವೇ ತಿಂಗಳಲ್ಲಿ ಚಿಕ್ಕ ರಂಧ್ರ ಮತ್ತೆ ದೊಡ್ಡದಾಯಿತು. ಅದಕ್ಕೆ ಕಾರ್ಬೈಡ್ ಟ್ರಿಮ್ ಹಾಕಿದೆವು, ಬೆಲೆ ದುಪ್ಪಟ್ಟಾಯಿತು, ಆದರೂ ಕಂಬಸ್ಟರ್ ಮುಂದೆ ಅದೇನು ದುಡ್ಡು. ಮೇಣ ಕಟ್ಟದಂತೆ ಹೀಟ್ ಟ್ರೇಸ್ (ಬಿಸಿ ಮಾಡುವ ತಂತಿ) ಸುತ್ತಿ, ವಾಲ್ವ್‌ನ ಹೊರಮೈಗೆ ಇನ್ಸುಲೇಶನ್ ಕೋಟು ಹಾಕಿದೆವು, ಎಣ್ಣೆ ಕಾಯಿಸುವ ಟ್ರೀಟರ್‌ನ ಬಿಸಿ ಸ್ವಲ್ಪ ಏರಿಸಿದೆವು. ಜಾಸ್ತಿ ಏರಿಸಬೇಡಿ, ಟ್ಯಾಂಕಿನಲ್ಲಿ ಆವಿ ಜಾಸ್ತಿಯಾಗಿ ಮಾಡಿದ ಕೆಲಸ ಹಾಳಾಗುತ್ತದೆ.

ಎಲ್ಲಾ ಬಾವಿಗೂ ಒಂದೇ ಅಳತೆಯ ಟ್ರಿಮ್ ಹಾಕಲು ಬರುವುದಿಲ್ಲ. ದಿನಕ್ಕೆ ಎಷ್ಟು ಬ್ಯಾರೆಲ್, ಸೆಪರೇಟರ್‌ನಲ್ಲಿ ಎಣ್ಣೆಯ ಮಟ್ಟ ತೋರಿಸುವ ಫ್ಲೋಟ್ ಎಷ್ಟು ಇಂಚು ಆಡುತ್ತದೆ, ಸೆಪರೇಟರ್ ಒತ್ತಡ ಎಷ್ಟು, ಈ ಮೂರರ ಮೇಲೆ ಟ್ರಿಮ್ ಆರಿಸುವ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಆ ಪಟ್ಟಿ ಇಲ್ಲಿ ಹಾಕುವುದಿಲ್ಲ, ಅದರ ಹಿಂದೆ ನನ್ನ ಎರಡು ಚಳಿಗಾಲ ಇವೆ. ದಾರಿ ಮಾತ್ರ ಹೇಳುತ್ತೇನೆ: ಫ್ಲೋಟ್ ಆಟದಿಂದ ಶುರು ಮಾಡಿ, ಟ್ರಿಮ್ ಕೊನೆಗೆ.

ನಿಜವಾದ ತಿರುವು ಸಿಕ್ಕಿದ್ದು ಡಂಪ್‌ಗಳನ್ನು ಸರದಿಯಲ್ಲಿ ನಿಲ್ಲಿಸಿದಾಗ. ಒಂದು ಸೈಟ್‌ನಲ್ಲಿ ಆರೇಳು ಸೆಪರೇಟರ್ ಇದ್ದರೆ, ಎರಡು ಮೂರು ಒಟ್ಟಿಗೇ ಡಂಪ್ ಆಗುವ ಗಳಿಗೆಗಳು ಬಂದೇ ಬರುತ್ತವೆ, ಎತ್ತರದ ಮೊನೆಗಳೆಲ್ಲ ಅವೇ. ನಮ್ಮ ಆಟೊಮೇಶನ್ ಹುಡುಗ ಕಂಟ್ರೋಲರ್‌ನಲ್ಲಿ ಒಂದು ಸಣ್ಣ ತರ್ಕ ಬರೆದ: ಒಂದು ತೆರೆದಿದ್ದರೆ ಇನ್ನೊಂದು ಕಾಯಬೇಕು, ಲೆವೆಲ್ ತೀರಾ ಏರಿದ್ದರೆ ಮಾತ್ರ ಸರದಿ ಮುರಿಯಬಹುದು. ಎಷ್ಟು ಹೊತ್ತು ಕಾಯಿಸಬೇಕು ಅನ್ನುವುದನ್ನು ನೀವೇ ಕಂಡುಕೊಳ್ಳಬೇಕು, ಸೈಟ್‌ನಿಂದ ಸೈಟ್‌ಗೆ ಬೇರೆ. ಅದಾದ ವಾರವೇ ಗ್ರಾಫ್ ಚಪ್ಪಟೆಯಾಯಿತು. ಮೊನೆಗಳು ಏಳೆಂಟು ಔನ್ಸ್ ದಾಟುವುದು ಅಪರೂಪ. ಹಾರ್ಡ್‌ವೇರ್ ಖರ್ಚು ಸೈಟಿಗೆ ಹತ್ತು ಸಾವಿರ ಡಾಲರ್ ಒಳಗೇ ಮುಗಿಯಿತು. ಆ ಹಿರಿಯರಿಗೆ ಗ್ರಾಫ್ ಪ್ರಿಂಟ್ ತೆಗೆದು ಕೊಟ್ಟೆ. ಮುಂದಿನ ಸೈಟ್ ಯಾವುದು ಅಂತ ಅವರೇ ಕೇಳಿದರು.

ಮುಚ್ಚಳದ ಬಗ್ಗೆ ಎರಡು ಮಾತು. ಹ್ಯಾಚ್ ಎತ್ತಿ ಗ್ಯಾಸ್ಕೆಟ್ ಕೂರುವ ತೋಡಿನಲ್ಲಿ ಬೆರಳಾಡಿಸಿ ನೋಡಿ. ಕಂದು ಮೇಣ, ಅದರ ಮೇಲೆ ಬಯಲಿನ ಧೂಳು, ಕೆಲವೊಮ್ಮೆ ಸತ್ತ ನೊಣ. ಕೂದಲೆಳೆಯಷ್ಟು ಮರಳು ಸಾಕು, ಸ್ಪ್ರಿಂಗ್ ಎಷ್ಟೇ ಬಿಗಿಯಿದ್ದರೂ ಆ ಜಾಗದಲ್ಲಿ ಸೋರುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ ತೋಡು ಒರೆಸದೆ ಬಿಟ್ಟರೆ ಹಾಕಿದ್ದು ದಂಡ. ನಮ್ಮಲ್ಲಿ ಈಗ ಒರೆಸುವುದು, ಒಂದು ತೆಳು ಪದರ ಗ್ರೀಸ್, ಮುಚ್ಚಿ ಕ್ಯಾಮೆರಾದಲ್ಲಿ ಒಂದು ಡಂಪ್ ಪೂರ್ತಿ ನೋಡುವುದು. ಯಾವ ಗ್ರೀಸ್ ಅಂತ ಕೇಳಬೇಡಿ, ಅದನ್ನೂ ಹೇಳುವುದಿಲ್ಲ. 2019ರ ಕೊನೆಯಲ್ಲಿ ಬಂದ ರಾಜ್ಯದ ನಿಯಮಗಳಲ್ಲಿ ಹೊಸ ಸೈಟ್‌ಗಳಿಗೆ ಮುಚ್ಚಳ ತೆಗೆಯದೆ ಎಣ್ಣೆ ಅಳೆಯುವ ವ್ಯವಸ್ಥೆ ಕಡ್ಡಾಯವಾಯಿತು. ಹಳೆಯ ಸೈಟ್‌ಗಳಲ್ಲೂ ನಾವು ಅದನ್ನು ಹಾಕುತ್ತ ಬಂದಿದ್ದೇವೆ. ಲಾರಿಯವರು ದಿನಕ್ಕೆ ನಾಲ್ಕು ಸಲ ಮುಚ್ಚಳ ಎತ್ತಿದರೆ ಯಾವ ಗ್ಯಾಸ್ಕೆಟ್ ಬಾಳುತ್ತೆ ಹೇಳಿ.

ನ್ಯೂಮ್ಯಾಟಿಕ್ ಕಂಟ್ರೋಲರ್, ಅಂದರೆ ಗ್ಯಾಸಿನ ಒತ್ತಡದಿಂದ ವಾಲ್ವ್ ಆಡಿಸುವ ಸಾಧನ, ಅದರ ಕಥೆ ಚಿಕ್ಕದಾಗಿ ಹೇಳುತ್ತೇನೆ. 2021ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಗ್ಯಾಸ್ ಉಗುಳದ ಕಂಟ್ರೋಲರ್‌ಗಳಿಗೆ ಹಂತ ಹಂತವಾಗಿ ಬದಲಾಗಬೇಕಿತ್ತು. ಆಗಾಗ ಗ್ಯಾಸ್ ಉಗುಳುವ ಇಂಟರ್ಮಿಟೆಂಟ್ ಕಂಟ್ರೋಲರ್ ಒಂದಕ್ಕೆ ಆಗ ಇಪಿಎ ಲೆಕ್ಕ ಗಂಟೆಗೆ 13.5 ಘನ ಅಡಿ ಇತ್ತು, ಸೈಟಿನಲ್ಲಿ ಇಪ್ಪತ್ತು ಮೂವತ್ತು ಇದ್ದರೆ ವರ್ಷಕ್ಕೆ ಎಷ್ಟಾಯಿತು ನೋಡಿ. ಗ್ಯಾಸ್ ಬದಲು ಕಂಪ್ರೆಸ್ಡ್ ಏರ್ ಕೊಟ್ಟೆವು, ಕರೆಂಟ್ ಕಂಬ ಹತ್ತಿರ ಇದ್ದ ಕಡೆ ಸೈಟಿಗೆ ಐವತ್ತರಿಂದ ಅರವತ್ತು ಸಾವಿರ ಡಾಲರ್. ಮಾರಿದವರು ಕೊಟ್ಟ, ಗಾಳಿಯ ತೇವ ತೆಗೆಯುವ ಡ್ರೈಯರ್ ಇಲ್ಲಿನ ಜನವರಿಗೆ ಲಾಯಕ್ಕಾಗಿರಲಿಲ್ಲ. ಕಾಲಿಂಚಿನ ಟ್ಯೂಬಿನಲ್ಲಿ ನೀರು ಹೆಪ್ಪುಗಟ್ಟಿ ವಾಲ್ವ್‌ಗಳು ಅಲ್ಲಲ್ಲೇ ನಿಂತವು, ಒಂದು ದಿನದ ಉತ್ಪಾದನೆ ಹೋಯಿತು. ತೇವ ಹೀರುವ ಹರಳಿನ ಡೆಸಿಕೆಂಟ್ ಡ್ರೈಯರ್ ತರಿಸಿ, ಪೈಪಿಗೆ ಇಳಿಜಾರು ಕೊಟ್ಟು, ಕೊನೆಯಲ್ಲಿ ಡ್ರೇನ್ ಇಟ್ಟ ಮೇಲೆ ಆ ಕಾಟ ತಪ್ಪಿತು. ಡ್ರೈಯರ್ ವಿಚಾರದಲ್ಲಿ ಉಳಿತಾಯ ಮಾಡಬೇಡಿ.

ಮಧ್ಯೆ ಮನೆಯಲ್ಲೂ ಒಂದಷ್ಟು ಪ್ರಯೋಗ. ಅಗ್ಗದ ಓಝೋನ್ ಸೆನ್ಸರ್ ತಂದು ಹಿತ್ತಲಲ್ಲಿ ಕಟ್ಟಿ ಫೋರ್ಟ್ ಕಾಲಿನ್ಸ್ ಮಾನಿಟರ್ ಜೊತೆ ಹೋಲಿಸಿದೆ. ಮಧ್ಯಾಹ್ನದ ಏರಿಳಿತ ಪರವಾಗಿಲ್ಲ, ಬೆಳಗಿನ ಟ್ರಾಫಿಕ್ ಹೊತ್ತಿಗೆ ಮಾತ್ರ ತಪ್ಪು ತೋರಿಸುತ್ತದೆ, ಯಾಕೆಂದರೆ ಆ ಸೆಲ್ ನೈಟ್ರೋಜನ್ ಡೈಆಕ್ಸೈಡನ್ನೂ ಓಝೋನ್ ಅಂತಲೇ ಎಣಿಸುತ್ತದೆ. ಮಕ್ಕಳನ್ನು ಸಂಜೆ ಎಷ್ಟೊತ್ತಿಗೆ ಆಡಲು ಬಿಡಬಹುದು ಅಂತ ತಿಳಿಯಲು ಸಾಕು, ಪರ್ಮಿಟ್ ಕೆಲಸಕ್ಕೆ ಬೇಡ. ಹುಲ್ಲು ಕತ್ತರಿಸುವ ಪೆಟ್ರೋಲ್ ಮಷೀನ್ ಕೊಟ್ಟು ಬ್ಯಾಟರಿಯದು ತಂದೆ, 2024ರಲ್ಲಿ ರಾಜ್ಯ ಅದಕ್ಕೆ ಶೇ. 30 ರಿಯಾಯಿತಿ ಕೊಡಲು ಶುರು ಮಾಡಿತ್ತು.

ಬೆಂಗಳೂರಿನ ಗೆಳೆಯರು ನಮ್ಮಲ್ಲಿ ಹೇಗೆ ಅಂತ ಕೇಳುತ್ತಾರೆ. ಭಾರತದ 2009ರ ಮಾನದಂಡದಲ್ಲಿ 8 ಗಂಟೆಯ ಓಝೋನ್ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಅಂದಾಜು 50 ಪಿಪಿಬಿ. ಕಾಗದದಲ್ಲಿ ಅಮೆರಿಕಕ್ಕಿಂತ ಬಿಗಿ. ಆದರೆ ಮಿತಿ ಮೀರಿದ ಊರಿಗೆ ದರ್ಜೆ ಇಳಿಸಿ, ಕಾರ್ಖಾನೆಯ ಗೆರೆಯನ್ನು 100ರಿಂದ 50ಕ್ಕೆ, 25ಕ್ಕೆ ತರುವ ಮೆಟ್ಟಿಲು ಇಲ್ಲ. ರಾಷ್ಟ್ರೀಯ ಶುದ್ಧ ಗಾಳಿ ಯೋಜನೆ ಎನ್‌ಕ್ಯಾಪ್‌ನ ಗುರಿಗಳೂ ಧೂಳಿನ ಕಣಕ್ಕೆ ಮಾತ್ರ. ನಮ್ಮ ಕಂಪನಿ ಟ್ರಿಮ್ ಬದಲಾಯಿಸಲು ಒಪ್ಪಿದ್ದು ಆ ಮೆಟ್ಟಿಲು ಕಾಲಿಗೆ ತಾಗಿದ ಮೇಲೆಯೇ.

ಪರ್ಮಿಟ್ ಬದಲಾವಣೆಗೆ ಕಾದದ್ದೇ ಜಾಸ್ತಿ ಸುಸ್ತು, ಹತ್ತಿರ ಹತ್ತಿರ ಒಂದು ವರ್ಷ. ಲಾಗರ್ ಡೇಟಾ ಪೂರ್ತಿ ಜೋಡಿಸಿ ಕೊಟ್ಟಿದ್ದು ಅಲ್ಲಿ ಕೆಲಸಕ್ಕೆ ಬಂತು. ಪರಿಶೀಲಿಸಿದ ಎಂಜಿನಿಯರ್ ಕೇಳಿದ ಪ್ರಶ್ನೆಗಳೆಲ್ಲ ಮೊನೆಗಳ ಬಗ್ಗೆಯೇ ಇದ್ದವು, ಸರಾಸರಿ ಬಗ್ಗೆ ಒಂದೂ ಇರಲಿಲ್ಲ. ಈಗ ಆ ಸೈಟ್‌ಗಳೆಲ್ಲ 25ರ ಒಳಗೆ, ಹೆಚ್ಚಿನವು ಹದಿನೈದರಿಂದ ಇಪ್ಪತ್ತು ಟನ್ ನಡುವೆ. ಒಂದು ಸೈಟ್ ಮಾತ್ರ 23ರಲ್ಲಿ ಕೂತಿದೆ, ಅಲ್ಲಿಗೆ ಆವಿ ಹಿಡಿಯುವ ವೇಪರ್ ರಿಕವರಿ ಟವರ್ ಹಾಕಿ ಗ್ಯಾಸನ್ನು ಸುಡದೆ ಗ್ಯಾಸ್ ಪೈಪ್‌ಲೈನಿಗೆ ಮಾರುವ ಲೆಕ್ಕ ನಡೆದಿದೆ.

ಉಳಿದದ್ದು ನಾಕ್ಸ್. 2023ರಲ್ಲಿ ಕೊಲರಾಡೊ ಗವರ್ನರ್ ಜೇರೆಡ್ ಪೋಲಿಸ್ ಅವರು ಎಣ್ಣೆ-ಅನಿಲ ಉತ್ಪಾದನೆಯ ನಾಕ್ಸ್ ಅನ್ನು 2025ಕ್ಕೆ ಶೇ. 30, 2030ಕ್ಕೆ ಶೇ. 50 ಇಳಿಸಲು ಸೂಚಿಸಿದರು. ನಮ್ಮ ಹಳೆಯ ಕಂಪ್ರೆಸರ್ ಎಂಜಿನ್‌ಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಇದೆ, ಗಾಳಿ-ಇಂಧನ ಬೆರಕೆ ನೋಡಿಕೊಳ್ಳುವ ಏರ್-ಫ್ಯೂಯಲ್ ಕಂಟ್ರೋಲರ್ ಬೇಸಿಗೆಯಲ್ಲಿ ಒಂದು ಥರ, ಚಳಿಯಲ್ಲಿ ಇನ್ನೊಂದು ಥರ ಓಡುತ್ತದೆ. ಎರಡು ಎಂಜಿನ್‌ಗಳ ಬದಲು ಕರೆಂಟ್ ಮೋಟರ್ ಕೂರಿಸಲು ಕರೆಂಟ್ ಕಂಪನಿಗೆ ಅರ್ಜಿ ಹಾಕಿದ್ದೇವೆ. ಲೈನ್ ಬರಲಿ, ಅದರ ಲೆಕ್ಕವನ್ನೂ ಬರೆಯುತ್ತೇನೆ.