ಕೂಗ್ತಿರೋದು ಅಳಿಲೋ ಟುವ್ವಿಹಕ್ಕಿಯೋ? ಗುರುತು ಹಿಡಿಯೋದು ಹೀಗೆ

ಹಿತ್ತಲಲ್ಲಿ ಯಾವ್ದೋ ಹಕ್ಕಿ ಅರ್ಧ ಗಂಟೆಯಿಂದ ಒಂದೇ ಸಮ ಕೂಗ್ತಿದೆ ಅಂತ ಆಡಿಯೋ ಕಳಿಸ್ತಾರಲ್ಲ, ಸುಮಾರು ಸಲ ಅದು ಹಕ್ಕಿನೇ ಅಲ್ಲ, ನಮ್ಮ ಮೂರು ಪಟ್ಟೆ ಅಳಿಲು. ಟುವ್ವಿಹಕ್ಕಿ ಜೊತೆ (ಸಿಂಪಿಗ ಅಂತಾನೂ ಅಂತಾರೆ) ಇದು ಬೇಗ ಕನ್ಫ್ಯೂಸ್ ಆಗತ್ತೆ, ಯಾಕಂದ್ರೆ ಎರಡೂ ಹಗಲೇ ಕೂಗೋದು, ಎರಡಕ್ಕೂ ಮೈಗಿಂತ ಗಂಟಲೇ ದೊಡ್ಡದು.

ಮೊದ್ಲು ಒಂದು ನಿಮಿಷ ಸುಮ್ನೆ ಕೇಳಿ. ಅಳಿಲಿಂದು ಚಿಕ್, ಚಿಕ್, ಚಿಕ್ ಅಂತ ಒಂಟಿ ಚೂಪು ಸ್ವರ, ಏರಿಳಿತ ಇಲ್ಲ, ಕೂತ ಜಾಗ ಬಿಡದೆ ಹೊಡೀತಾನೇ ಇರತ್ತೆ. ಟುವ್ವಿ ಟುವೀ-ಟುವೀ ಅಂತ ಎಳೀತದೆ, ನಿಲ್ಲಿಸತ್ತೆ, ಪಕ್ಕದ ಪೊದೆಗೆ ಹೋಗಿ ಮತ್ತೆ ಶುರು. ಆದ್ರೆ ಅದೂ ಒಮ್ಮೊಮ್ಮೆ ಚಿಟ್ ಚಿಟ್ ಅನ್ನತ್ತೆ, ಎಲ್ರೂ ಮೋಸ ಹೋಗೋದು ಅಲ್ಲೇ, ಅದಕ್ಕೆ ಬರೀ ಕಿವಿ ನಂಬ್ಬೇಡಿ.

ಕಾಂಪೌಂಡು, ಮರದ ಕಾಂಡ, ತೆಂಗಿನ ಗರಿ ಬುಡ ನೋಡಿ, ಅಳಿಲಾದ್ರೆ ಪ್ರತಿ ಚಿಕ್‌ಗೂ ಬಾಲ ಜರ್ಕ್ ಹೊಡಿಯತ್ತೆ, ಮೈ ಮಾತ್ರ ಅಲ್ಲಾಡಲ್ಲ. ಬಾಲ ಕಂಡ್ರೆ ಕೇಸ್ ಕ್ಲೋಸ್. ಅಲ್ಲಿಲ್ಲ ಅಂದ್ರೆ ದಾಸವಾಳ, ನಿಂಬೆ ಗಿಡದ ಕೆಳಗಿನ ಕೊಂಬೆಗಳಲ್ಲಿ ಹುಡುಕಿ: ಹಸಿರು ಬೆನ್ನು, ಇಟ್ಟಿಗೆ ಬಣ್ಣದ ನೆತ್ತಿ, ನೆಟ್ಟಗೆ ನಿಂತ ಬಾಲ. ಗಂಡು ಕೂಗೋವಾಗ ಕತ್ತು ಉಬ್ಬಿ ಪಕ್ಕದಲ್ಲಿ ಒಂದು ಕಪ್ಪು ಪಟ್ಟಿ ಕಾಣತ್ತೆ, ಬಾಯಿ ಮುಚ್ತಿದ್ದಂಗೆ ಮಾಯ, ನಂಗಂತೂ ಇದು ಎಷ್ಟು ಸಲ ನೋಡಿದ್ರೂ ಸಾಕಾಗಲ್ಲ.

ಅಳಿಲೇ ಅಂತ ಗೊತ್ತಾದ್ರೆ ಅಷ್ಟಕ್ಕೇ ಬಿಡ್ಬೇಡಿ, ಅದು ಎಲ್ಲಿ ದಿಟ್ಟಿಸ್ತಿದೆ ಅಂತ ನೋಡಿ, ಬೆಕ್ಕೋ ಕೇರೆಹಾವೋ ಸಿಗೋ ಚಾನ್ಸ್ ಇದೆ (ಎಲ್ಲಾ ಸಲ ಅಲ್ಲ). ಪಿಕಳಾರ, ಹರಟೆಮಲ್ಲ ಹಕ್ಕಿಗಳೂ ಗಲಾಟೆಗೆ ಸೇರ್ಕೊಂಡ್ರೆ ಏನೋ ಇದೆ ಅಂತಾನೇ ಲೆಕ್ಕ, ಬರಿಗಾಲಲ್ಲಿ ಹೋಗ್ಬೇಡಿ.

ಗೂಡಂತೂ ಸುಲಭ. ನಾರು, ಹತ್ತಿ, ಬಟ್ಟೆ ಚೂರು ಎಲ್ಲಾ ಸೇರಿಸಿ ವೆಂಟಿಲೇಟರಲ್ಲೋ ತೆಂಗಿನ ತಲೇಲೋ ತುರುಕಿದ್ರೆ ಅಳಿಲಿಂದು. ಟುವ್ವಿ ಗಿಡದಲ್ಲಿರೋ ಹಸಿ ಎಲೆನೇ ಮಡಚಿ, ಅಂಚಿಗೆ ಕೊಕ್ಕಲ್ಲಿ ತೂತು ಮಾಡಿ, ಜೇಡರ ಬಲೆ ಎಳೆ, ಹತ್ತಿ ಹಾಕಿ ಹೊಲಿಯತ್ತೆ, ಎಲೆ ಹಸಿರಾಗೇ ಇರೋದ್ರಿಂದ ಕಾಣೋದೇ ಇಲ್ಲ. ಹಂಗಾಗಿ ದಾಸವಾಳ ಕಟ್ ಮಾಡೋ ಮುಂಚೆ ಅಗಲ ಎಲೆಗಳ ಅಂಚಲ್ಲಿ ಬಿಳಿ ಹತ್ತಿ ಚುಕ್ಕಿ ಇದ್ಯಾ ನೋಡ್ಕೊಳ್ಳಿ, ಇದ್ರೆ ಮರಿ ಹಾರೋವರೆಗೂ ಆ ಕೊಂಬೆ ಬಿಟ್ಬಿಡಿ.