ಬಳ್ಳಾರಿಯಲ್ಲೇ ಬಡಿದವು ಸಿಲಿಯಾ: ನನ್ನ ಅನುಭವ

ಮೂಗಿನಿಂದ ಬ್ರಷ್‌ನಲ್ಲಿ ತೆಗೆದ ಕೋಶಗಳನ್ನು ಗಾಳಿಗೊಡ್ಡಿ ಬೆಳೆಸಿ ಸಿಲಿಯಾ (ದೂಳು, ಕಫವನ್ನು ಹೊರದೂಡುವ ಕೂದಲೆಳೆಯಂಥ ರಚನೆಗಳು) ಬಡಿಯುವ ತನಕ ತರುತ್ತೇನೆ ಅಂದಾಗ ಜೊತೆಗಾರರು ಹೇಳಿದ್ದು ಒಂದೇ ಮಾತು: "ಬಳ್ಳಾರಿಯಾಗ ಆಗಂಗಿಲ್ಲ ಬಿಡ್ರಿ, ಬೆಂಗಳೂರಿಗೆ ಕಳಿಸ್ರಿ." ಕಳಿಸಿಯೂ ನೋಡಿದ್ದೆ. ರಾತ್ರಿ ರೈಲಿನಲ್ಲಿ ಐಸ್ ಪೆಟ್ಟಿಗೆಯಲ್ಲಿ ಹೋದ ಕೋಶಗಳು ಅರ್ಧಕ್ಕರ್ಧ ಸತ್ತೇ ತಲುಪಿದವು. ಲ್ಯಾಬ್‌ಗಳಲ್ಲಿ ಸಿದ್ಧವಾಗಿ ಸಿಗುವ ಎ549 ಕೋಶ ಸಾಕಲ್ಲ ಅಂದವರೂ ಇದ್ದರು. 1972ರಲ್ಲಿ ಒಬ್ಬ ರೋಗಿಯ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಯಿಂದ ಬಂದ ಕೋಶಗಳವು, ಸಿಲಿಯಾ ಇಲ್ಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ವರ್ಷಗಟ್ಟಲೆ ದೂಳು ಕುಡಿದವನ ಕೆಮ್ಮಿನ ಬಗ್ಗೆ ಅವು ಏನು ಹೇಳಿಯಾವು?

ಮೊದಲ ಎರಡು ವರ್ಷ ಬರೀ ಸೋಲು. ಏಪ್ರಿಲ್‌ನಲ್ಲಿ ಶುರು ಮಾಡಿದ್ದೇ ತಪ್ಪು. ಇನ್‌ಕ್ಯುಬೇಟರ್‌ಗೆ ಕಾಯಿಸಲು ಬರುತ್ತದೆ, ತಣಿಸಲು ಬರುವುದಿಲ್ಲ. ಹೊರಗೆ 42 ಡಿಗ್ರಿ. ಕರೆಂಟ್ ಹೋಗಿ ಎಸಿ ನಿಂತರೆ ಕೋಣೆಯೇ 38 ದಾಟುತ್ತದೆ, ಮತ್ತೆ ಕರೆಂಟ್ ಬಂದಾಗ ಒಳಗೆ 37 ಎಲ್ಲಿಂದ ಉಳಿಯಬೇಕು? ಒಂದು ಮಧ್ಯಾಹ್ನ ನೋಡಿದರೆ 40ರ ಮೇಲೆ. ಏರ್‌ಲಿಫ್ಟ್ ಮಾಡಿ, ಅಂದರೆ ಮೇಲಿನ ದ್ರವ ತೆಗೆದು ಕೋಶಗಳನ್ನು ಗಾಳಿಗೊಡ್ಡಿ, ಹದಿನೆಂಟು ದಿನ ಸಾಕಿದ್ದ ಎರಡು ಪ್ಲೇಟ್ ಹೋದವು. ಇನ್‌ಸರ್ಟು (ಕೋಶ ಬೆಳೆಯುವ, ತಳದಲ್ಲಿ ಸಣ್ಣ ರಂಧ್ರಗಳ ಪೊರೆಯಿರುವ ಬಟ್ಟಲು), ಮೀಡಿಯಾ (ಕೋಶಗಳ ಆಹಾರದ ದ್ರವ) ಸೇರಿ ಅರವತ್ತು ಸಾವಿರದ ಹತ್ತಿರ. ಅದರಲ್ಲಿ ಮುಕ್ಕಾಲು ಪಾಲು ನನ್ನ ಸಂಬಳದ್ದು. ಅವತ್ತು ಊಟ ಸೇರಲಿಲ್ಲ.

ಮಳೆಗಾಲದಲ್ಲಿ ಬೇರೆ ಕಾಟ. ಕೋಶಗಳು ಸಾಯಲಿಲ್ಲ, ಆದರೆ ಚಪ್ಪಟೆಯಾಗಿ ಚರ್ಮದ ಹಾಗೆ ಪದರಗಟ್ಟಿದವು. ಸೀರಮ್ ಬದಲಿಸಿದೆ, ಕೊಲಾಜನ್ ಬದಲಿಸಿದೆ. ಮೂರು ಬ್ಯಾಚ್ ಹಾಳಾದ ಮೇಲೆ ಕಾರಣ ಹೊಳೆಯಿತು: ಕೋಶಗಳು ಹೀಗೆ ಚಪ್ಪಟೆಯಾಗದಂತೆ ತಡೆಯಲು ಮೀಡಿಯಾಕ್ಕೆ ಹಾಕುವ ರೆಟಿನೋಯಿಕ್ ಆಸಿಡ್. ಬೆಳಕಿಗೆ ಕೆಡುವ ವಸ್ತುವನ್ನು ನಾವು ಟ್ಯೂಬ್‌ಲೈಟ್ ಕೆಳಗೆ ಅಳೆದು, ತಿಂಗಳುಗಟ್ಟಲೆ ಅದೇ ಸ್ಟಾಕ್ ಬಳಸುತ್ತಿದ್ದೆವು. ಈಗ ದೀಪ ಆರಿಸಿ ಅಳೆಯುತ್ತೇನೆ, ಸಣ್ಣ ಸಣ್ಣ ಟ್ಯೂಬ್ ಮಾಡಿ ಫಾಯಿಲ್ ಸುತ್ತಿ ಇಡುತ್ತೇನೆ, ಒಮ್ಮೆ ಕರಗಿಸಿದ್ದನ್ನು ಮತ್ತೆ ಮುಟ್ಟುವುದಿಲ್ಲ.

ಕ್ಯಾಲೆಂಡರ್ ಬದಲಿಸಿದ್ದು ಎಲ್ಲಕ್ಕಿಂತ ದೊಡ್ಡ ಲಾಭ. ನಮ್ಮ ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ನಾನೂ ಬ್ರಷ್ ಹಿಡಿಯುತ್ತೇನೆ. ಅಕ್ಟೋಬರ್‌ನಲ್ಲಿ ತೆಗೆದರೆ ಏರ್‌ಲಿಫ್ಟ್ ನಂತರದ ನಾಲ್ಕು ವಾರ ಚಳಿಗಾಲಕ್ಕೇ ಬೀಳುತ್ತವೆ. ಬೇಸಿಗೆಯಲ್ಲಿ ಕೋಶ ತುಂಬಿದ ವಯಲ್‌ಗಳು ದ್ರವ ನೈಟ್ರೋಜನ್‌ನಲ್ಲಿ ಮಲಗಿರುತ್ತವೆ. ಆಕಳು, ಎಮ್ಮೆಯ ವೀರ್ಯದ ಕಡ್ಡಿಗಳಿಗೆ ನೈಟ್ರೋಜನ್ ತರುವ ಗಾಡಿಯವರೇ ನನ್ನ ಕ್ಯಾನನ್ನೂ ತುಂಬಿಸಿಕೊಡುತ್ತಾರೆ. ಬೆಂಗಳೂರಿನಿಂದ ತರಿಸುವ ಖರ್ಚಿನ ಕಾಲು ಭಾಗವೂ ಆಗುವುದಿಲ್ಲ.

ಇಪ್ಪತ್ನಾಲ್ಕನೇ ದಿನ ಬೆಳಿಗ್ಗೆ ಮೈಕ್ರೋಸ್ಕೋಪ್ ಕೆಳಗೆ ಇಡೀ ಪದರ ಗಾಳಿಗೆ ತೂಗುವ ಭತ್ತದ ಗದ್ದೆಯ ಹಾಗೆ ಮಿನುಗಿತು. ಸಿಲಿಯಾ! ಟೀರ್ (ಪದರ ಎಷ್ಟು ಬಿಗಿಯಾಗಿದೆ ಎಂದು ತೋರಿಸುವ ವಿದ್ಯುತ್ ರೋಧದ ಅಳತೆ) 400 ಓಂ ದಾಟಿತ್ತು. "ಬಿಡ್ರಿ" ಅಂದವರಿಗೆಲ್ಲ ವಿಡಿಯೊ ಕಳಿಸಿದೆ. ಆ ಹಂಗಾಮಿನಲ್ಲಿ ಹನ್ನೊಂದು ಜನರ ಸ್ಯಾಂಪಲ್‌ನಲ್ಲಿ ಏಳು ಗೆದ್ದವು. ದೊಡ್ಡ ಲ್ಯಾಬಿನವರೂ ತಲೆದೂಗುವ ಲೆಕ್ಕ ಇದು. ಬ್ರಷ್‌ನಿಂದ ಕೋಶ ಬಿಡಿಸಿದ ಮೊದಲ ಒಂದು ಗಂಟೆ ಏನು ಮಾಡುತ್ತೇನೆ ಅನ್ನುವುದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ, ಪೇಪರ್ ಬಂದ ಮೇಲೆ ಹೇಳುತ್ತೇನೆ.

ನಡುವೆ ಗಿರಣಿ ದೂಳಿನ ಆಟವನ್ನೂ ಆಡಿದೆ. ಜರಡಿ ಹಿಡಿದ ದೂಳನ್ನು ಆಟೋಕ್ಲೇವ್ ಮಾಡಿ ಪದರದ ಮೇಲೆ ಹಾಕಿದರೂ ಕೋಶಗಳು ಸಿಕ್ಕಾಪಟ್ಟೆ ಐಎಲ್-8 (ಉರಿಯೂತದ ಸಂಕೇತ ಕೊಡುವ ಪ್ರೋಟೀನ್) ಸುರಿಸಿದವು. ಅದೇ ದೂಳನ್ನು 250 ಡಿಗ್ರಿ ಒಣ ಶಾಖದಲ್ಲಿ ಒಂದು ತಾಸು ಸುಟ್ಟು ಹಾಕಿದಾಗ ಅರ್ಧಕ್ಕಿಂತ ಕೆಳಗಿಳಿಯಿತು. ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅದರ ಗೋಡೆಯ ಎಂಡೋಟಾಕ್ಸಿನ್ ಎಂಬ ವಿಷ ಹಾಗೇ ಉಳಿಯುತ್ತದೆ, ಒಣ ಶಾಖ ಅದನ್ನೂ ಸುಡುತ್ತದೆ. ಸಂಡೂರಿನ ಅದಿರು ದೂಳಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ, ಆದರೆ ಮಾಡಿದ್ದು ಎರಡೇ ಸಲ.

ಇಲ್ಲಿಯವರೆಗೆ ಕೋಶ ಕೊಟ್ಟವರೆಲ್ಲ ಆರೋಗ್ಯವಂತರು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಈಗ ಕೈಗೆ ಬಂದಿದೆ. ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದ ಆರು ಹಮಾಲರು ಈ ಅಕ್ಟೋಬರ್‌ಗೆ ಬರುತ್ತೇವೆ ಅಂದಿದ್ದಾರೆ. ಇನ್‌ಸರ್ಟ್‌ಗೆ ಆರ್ಡರ್ ಹಾಕಿಯಾಗಿದೆ.